ಹೀಗೆ ಅಂದರೆ ಹೇಗೆ? ದಾವಣಗೆರೆಯ ಮಹಡಿ ಕೋಣೆಯಿಂದ ಆನ್‌ಲೈನ್ ಯೋಗ

ಕಳೆದ ನವೆಂಬರ್‌ನಲ್ಲಿ ನಾನು ಯೋಗ ಹೇಳಿಕೊಡುತ್ತಿದ್ದ ಹಾಲ್ ಕೈಬಿಟ್ಟುಹೋಯಿತು. ದಾವಣಗೆರೆ ವಿದ್ಯಾನಗರದಲ್ಲಿ ಒಂಬತ್ತು ವರ್ಷ ಅಲ್ಲೇ ಬೆಳಗಿನ ತರಗತಿ ನಡೆಸಿದ್ದೆ. ಮಾಲೀಕರಿಗೆ ಜಾಗ ಸ್ವಂತಕ್ಕೆ ಬೇಕಾಯಿತು, ಅದರಲ್ಲಿ ತಪ್ಪೇನಿಲ್ಲ. ಬೇರೆ ಕಡೆ ವಿಚಾರಿಸಿದರೆ ಬಾಡಿಗೆ ಎರಡು ಪಟ್ಟು. ಏನು ಮಾಡೋದು ಅಂತ ಕೂತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದಳು. ಮದುವೆಯಾಗಿ ಹೋಗಿ ನಾಲ್ಕು ವರ್ಷ ಆಗಿದೆ. "ಅಕ್ಕಾ, ಫೋನಲ್ಲೇ ಶುರು ಮಾಡ್ರಿ. ಇಲ್ಲಿ ಎಲ್ಲರೂ ಇಂಗ್ಲಿಷಲ್ಲಿ ಹೇಳ್ತಾರೆ, ನನಗೆ ನಿಮ್ಮ ಮಾತು ಬೇಕು" ಅಂದಳು.

ನಿಮ್ಮ ಮಾತು ಬೇಕು ಅಂದಳಲ್ಲ, ಅದರ ಬೆಲೆ ನನಗೆ ಆಗ ಗೊತ್ತಾಗಲಿಲ್ಲ. ಮೂರು ತಿಂಗಳು ಕ್ಯಾಮೆರಾ ಹಿಂದೆ ಬಿದ್ದೆ. ಏನೇನು ಮಾಡಿದೆ, ಯಾವುದು ಕೆಟ್ಟಿತು, ಹೇಗೆ ಸರಿಮಾಡಿದೆ ಅನ್ನೋದನ್ನು ದಿನಾ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಅದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಊರಿನಲ್ಲಿ ಕೂತು ಈ ಕೆಲಸ ಶುರು ಮಾಡಬೇಕು ಅನ್ನೋರಿಗೆ ಉಪಯೋಗಕ್ಕೆ ಬರಲಿ ಅಂತ.

ಮನೆಯ ಮಹಡಿ ಮೇಲೆ 10 ಅಡಿ ಅಗಲ, 14 ಅಡಿ ಉದ್ದದ ಒಂದು ಕೋಣೆ ಇತ್ತು. ಹಳೇ ಟ್ರಂಕು, ಅಕ್ಕಿ ಚೀಲ, ಮಕ್ಕಳ ಸೈಕಲ್ಲು ತುಂಬಿತ್ತು. ಖಾಲಿ ಮಾಡಿ, ಸುಣ್ಣ ಹೊಡೆಸಿ, ಚಾಪೆ ಹಾಸಿ, ಎದುರಿಗೆ ಸ್ಟೂಲ್ ಮೇಲೆ ಫೋನ್ ಇಟ್ಟು ನೋಡಿದೆ. ನಿಂತರೆ ತಲೆ ಕಾಣಲ್ಲ, ಮಲಗಿದರೆ ಕಾಲು ಕಾಣಲ್ಲ.

ಫೋನ್ ಸ್ಟ್ಯಾಂಡ್ ನಾನೇ ಮಾಡಿಕೊಂಡೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದಿಂಚಿನ ಪಿವಿಸಿ ಪೈಪು, ಮುಕ್ಕಾಲು ಇಂಚಿನ ಪೈಪು, ನಾಲ್ಕು ಎಲ್ಬೋ, ಮೂರು ಟೀ ಜಾಯಿಂಟ್ ತಂದೆ. ಎಲ್ಲ ಸೇರಿ 340 ರೂಪಾಯಿ. ಕೆಳಗಿನ ಪೈಪುಗಳೊಳಗೆ ಮರಳು ತುಂಬಿ ಮುಚ್ಚಿದೆ, ಇಲ್ಲದಿದ್ದರೆ ಫ್ಯಾನ್ ಗಾಳಿಗೇ ಅಲ್ಲಾಡುತ್ತಿತ್ತು. ಸಣ್ಣ ಪೈಪು ದೊಡ್ಡದರೊಳಗೆ ಜಾರುತ್ತೆ, ಸ್ವಲ್ಪ ಸಡಿಲ. ಅದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದೆ. ಎರಡು ಎತ್ತರದಲ್ಲಿ ತೂತು ಕೊರೆದು ಬೋಲ್ಟ್ ಹಾಕಿದೆ. ನಿಂತು ಮಾಡುವ ಆಸನಕ್ಕೆ ಮೂರೂವರೆ ಅಡಿ, ಕೂತು ಮಲಗಿ ಮಾಡುವುದಕ್ಕೆ ಎರಡು ಅಡಿ. ಹಳೇ ಸೆಲ್ಫಿ ಕೋಲಿನ ತಲೆಯನ್ನು ಮೇಲೆ ಬಿಗಿದೆ. ಫೋನ್ ಅಡ್ಡಡ್ಡ ಇಡಬೇಕು, ಚಾಪೆಯೂ ಫೋನಿಗೆ ಅಡ್ಡಲಾಗಿ ಇರಬೇಕು. ನನ್ನ ಕೋಣೆಯಲ್ಲಿ ಒಂಬತ್ತು ಅಡಿ ದೂರ ಇಟ್ಟಾಗ ತಲೆಯಿಂದ ಕಾಲಿನವರೆಗೆ ಪೂರ್ತಿ ಕಂಡಿತು. ಬಟ್ಟೆ ವಿಷಯ ಒಂದು ಮಾತು. ಸುಣ್ಣದ ಗೋಡೆಯ ಮುಂದೆ ಗಾಢ ಬಣ್ಣದ ಬಟ್ಟೆ ಹಾಕಿ, ತಿಳಿ ಬಣ್ಣದ ಚಾಪೆ ಹಾಸಿ. ನಾನು ಮೊದಲು ನೇರಳೆ ಚಾಪೆ ಮೇಲೆ ಕಪ್ಪು ಪ್ಯಾಂಟ್ ಹಾಕಿ ಕೂತಾಗ ಕಾಲು ಎಲ್ಲಿ ಮುಗಿಯುತ್ತೆ, ಚಾಪೆ ಎಲ್ಲಿ ಶುರುವಾಗುತ್ತೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ.

ಜನವರಿ ಮೊದಲ ವಾರ ಆರು ಜನರ ಜೊತೆ ತರಗತಿ ಶುರುವಾಯಿತು. ಎಲ್ಲರೂ ಹಳಬರೇ. ಬೆಳಿಗ್ಗೆ 5.45. ಚಿತ್ರ ಚೆನ್ನಾಗಿ ಬಂತು. ಆದರೆ ಐದು ನಿಮಿಷಕ್ಕೇ "ಅಕ್ಕಾ, ಬಾವಿಯೊಳಗಿಂದ ಮಾತಾಡಿದಂಗೆ ಕೇಳ್ತೈತ್ರಿ" ಅಂದರು.

ನಿಜ. ಖಾಲಿ ಕೋಣೆ, ಟೈಲ್ಸ್ ನೆಲ, ಬೋಳು ಗೋಡೆ. ನನ್ನ ಮಾತು ನಾಲ್ಕು ಕಡೆ ಬಡಿದು ಒಂಬತ್ತು ಅಡಿ ದೂರದ ಫೋನಿಗೆ ತಲುಪುವಷ್ಟರಲ್ಲಿ ಕಲಸಿಹೋಗುತ್ತಿತ್ತು. ಏನಾದರೂ ದಪ್ಪ ಬಟ್ಟೆ ತೂಗುಹಾಕಿದರೆ ಮಾರ್ದನಿ ಕಡಿಮೆಯಾಗುತ್ತೆ ಅನ್ನೋದು ಗೊತ್ತಿತ್ತು. ಪರದೆ ತರೋಣ ಅಂತಿದ್ದೆ. ನಮ್ಮತ್ತೆ "ಟ್ರಂಕಿನಾಗೆ ಕೌದಿ ಅದಾವಲ್ಲ" ಅಂದರು.

ಮೂರು ಕೌದಿ ಇದ್ದವು. ಅವರ ತಾಯಿ ಹೊಲಿದದ್ದು. ಹಳೇ ಇಳಕಲ್ ಸೀರೆ, ಧೋತ್ರ, ಮಕ್ಕಳ ಅಂಗಿ ಎಲ್ಲ ಐದಾರು ಪದರ ಸೇರಿಸಿ ಸಾಲು ಸಾಲಾಗಿ ಗುಬ್ಬಿಕಾಲಿನಷ್ಟು ಸಣ್ಣ ಹೊಲಿಗೆ ಹಾಕಿದ್ದಾರೆ. ಅಂಚಿಗೆ ಕೆಂಪು ಪಟ್ಟಿ. ಕೈಯಲ್ಲಿ ಹಿಡಿದರೆ ಒಂದೊಂದೂ ಮೂರು ಕೆಜಿ ತೂಕ. ಎರಡನ್ನು ನನ್ನ ಎದುರಿನ ಗೋಡೆಗೆ, ಅಂದರೆ ಫೋನಿನ ಹಿಂದೆ, ಗೋಡೆಗೆ ಅಂಟದ ಹಾಗೆ ಮೂರು ಬೆರಳು ಬಿಟ್ಟು ಪರದೆ ಸರಳಿಗೆ ತೂಗುಹಾಕಿದೆ. ಇನ್ನೊಂದು ಬಾಗಿಲಿಗೆ. ನೆಲಕ್ಕೆ ಜಮಖಾನ. ಕೋಣೆ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಮೊದಲು ಟಣ್ ಅಂತ ಎಳೆಯುತ್ತಿದ್ದ ಶಬ್ದ ತಟ್ಟಿದಲ್ಲೇ ನಿಂತಿತು. ನಮ್ಮತ್ತೆಯನ್ನೂ ಕರೆದು ಕೇಳಿಸಿದೆ.

ಆಮೇಲೆ ಮೈಕ್. ಬ್ಲೂಟೂತ್ ಇಯರ್‌ಬಡ್ ಮುಂದೆ ಬಗ್ಗಿದಾಗೆಲ್ಲ ಬಿದ್ದುಹೋಗುತ್ತಿತ್ತು. ವೈರ್ ಇರುವ ಕಾಲರ್ ಮೈಕ್ ಕಾಲಿಗೆ ಸುತ್ತಿಕೊಂಡಿತು. ಕೊನೆಗೆ ಫೋನಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಜೊತೆ ಬರುವ ವೈರ್‌ಲೆಸ್ ಕಾಲರ್ ಮೈಕ್ ತಗೊಂಡೆ, 1,450 ರೂಪಾಯಿ. ನನ್ನ ಇಡೀ ಖರ್ಚಿನಲ್ಲಿ ಇದಕ್ಕೆ ಕೊಟ್ಟ ದುಡ್ಡೇ ಸಾರ್ಥಕ. ಆದರೆ ಅದನ್ನು ಎಲ್ಲಿ ಸಿಕ್ಕಿಸಬೇಕು ಅನ್ನೋದಕ್ಕೆ ಒಂದು ವಾರ ಹಿಡಿಯಿತು. ಎದೆ ಮೇಲೆ ಇದ್ದರೆ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಬಟ್ಟೆ ಉಜ್ಜಿ ಕರಕರ ಅನ್ನುತ್ತೆ. ಕುತ್ತಿಗೆ ಹತ್ತಿರ ಇದ್ದರೆ ಗದ್ದ ಒತ್ತುತ್ತೆ. ಎಡ ಭುಜದ ಹೊಲಿಗೆಯ ಮೇಲೆ, ಒಂದು ಚೂರು ಸ್ಪಂಜು ಸುತ್ತಿ ಸಿಕ್ಕಿಸಿದರೆ ಯಾವ ಆಸನದಲ್ಲೂ ತೊಂದರೆ ಇಲ್ಲ.

ಇನ್ನೊಂದು ತೊಂದರೆ ಪ್ರಾಣಾಯಾಮದಲ್ಲಿ ಬಂತು. ಭ್ರಾಮರಿ ಮಾಡುವಾಗ ನಾನು ಇಲ್ಲಿ ಮ್ಮ್ ಅಂತ ಉದ್ದಕ್ಕೆ ಗುಂಯ್‌ಗುಡುತ್ತಿದ್ದರೆ ಅವರ ಕಡೆ ನಿಶ್ಶಬ್ದ. ನೆಟ್ ಹೋಯಿತು ಅಂದುಕೊಂಡರಂತೆ. ವಿಡಿಯೋ ಕರೆಯ ಆ್ಯಪ್‌ಗಳು ಫ್ಯಾನು, ಮಿಕ್ಸಿಯಂಥ ಎಡೆಬಿಡದ ಶಬ್ದವನ್ನು ಗದ್ದಲ ಅಂತ ತಿಳಿದು ಅಳಿಸಿಬಿಡುತ್ತವೆ. ಭ್ರಾಮರಿಯ ಗುಂಯ್‌ಕಾರವೂ ಅವಕ್ಕೆ ಹಾಗೇ ಕೇಳಿಸುತ್ತೆ. ಜೂಮ್‌ನಲ್ಲಿ ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಒರಿಜಿನಲ್ ಸೌಂಡ್ ಆನ್ ಮಾಡಿದರೆ ಈ ಅಳಿಸಾಟ ನಿಲ್ಲುತ್ತೆ. ಅದನ್ನು ಆನ್ ಮಾಡಿದರೆ ಹೊರಗಿನ ಗದ್ದಲವೂ ಅವರಿಗೆ ಕೇಳಿಸುತ್ತೆ, ಏಳು ಗಂಟೆಗೆ ಬರುವ ಕಸದ ಗಾಡಿಯ ಹಾಡೂ ಸೇರಿ. ಹಾಗಾಗಿ ಪ್ರಾಣಾಯಾಮವನ್ನು ಆ ಗಾಡಿ ಬರುವ ಮುಂಚೆಯೇ ಮುಗಿಸುತ್ತೇನೆ.

ವಿದ್ಯಾರ್ಥಿಗಳನ್ನು ದೊಡ್ಡದಾಗಿ ನೋಡಲು ಮಗನ ಲ್ಯಾಪ್‌ಟಾಪ್‌ನಿಂದಲೂ ಅದೇ ತರಗತಿಗೆ ಸೇರಿಕೊಳ್ಳುತ್ತೇನೆ. ಅದರ ಮೈಕು, ಸ್ಪೀಕರು ಎರಡೂ ಬಂದ್ ಇರಬೇಕು. ಮರೆತರೆ ಕುಂಯ್ ಅಂತ ಕೂಗಿ ಎಲ್ಲರ ನಿದ್ದೆ ಬಿಡಿಸುತ್ತೆ.

ಸಮಯದ ಲೆಕ್ಕವನ್ನೂ ಮೊದಲೇ ನೋಡಿಕೊಳ್ಳಿ. ಜೂಮ್‌ನ ಉಚಿತ ಖಾತೆಯಲ್ಲಿ ತರಗತಿ 40 ನಿಮಿಷಕ್ಕೆ ನಿಲ್ಲುತ್ತೆ. ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಜಾಸ್ತಿ ಜನ ಇದ್ದರೆ 60 ನಿಮಿಷ. ಮೊದಲ ದಿನ ನಾನಿದನ್ನು ಗಮನಿಸಿರಲಿಲ್ಲ. ಎಲ್ಲರೂ ಶವಾಸನದಲ್ಲಿ ಕಣ್ಣು ಮುಚ್ಚಿದ್ದಾಗ ಕರೆ ಕಟ್ ಆಯಿತು. ಒಬ್ಬರು ಇಪ್ಪತ್ತು ನಿಮಿಷ ಹಾಗೇ ಮಲಗಿ ನಿದ್ದೆ ಹೋಗಿದ್ದರಂತೆ. ಆರು ಜನ ಇರುವಾಗ ದುಡ್ಡು ಕಟ್ಟೋದು ಬೇಡ ಅಂತ ಒಂದು ತಿಂಗಳು ಮೀಟ್‌ನಲ್ಲಿ ನಡೆಸಿದೆ. ಹನ್ನೆರಡು ಜನ ಆದ ಮೇಲೆ ಜೂಮ್‌ಗೆ ದುಡ್ಡು ಕಟ್ಟಿ ಬಂದೆ.

ಫೆಬ್ರುವರಿಯಲ್ಲಿ ಒಂದು ತೊಡಕು ಎದುರಾಯಿತು. ಚಿತ್ರ ಸರಿ, ದನಿ ಸರಿ, ಆದರೂ ಯಾರಿಗೂ ಆಸನ ಸರಿ ಬರುತ್ತಿಲ್ಲ. ಹಾಲ್‌ನಲ್ಲಿ ಚೆನ್ನಾಗಿ ಮಾಡುತ್ತಿದ್ದವರೇ ಇಲ್ಲಿ ಸೊಂಟ ತಿರುಚುತ್ತಿದ್ದರು. ಒಂದು ತರಗತಿ ರೆಕಾರ್ಡ್ ಮಾಡಿ ರಾತ್ರಿ ಕೂತು ಕೇಳಿದೆ. "ಕೈ ಹೀಗೆ ತಗೊಳ್ಳಿ. ಹೀಗೆ ಬಗ್ಗಿ. ಹೀಗಲ್ಲ, ಹೀಗೆ." ನೋಟ್‌ಬುಕ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ. 50 ನಿಮಿಷದಲ್ಲಿ 63 ಸಲ ಹೀಗೆ ಅಂದಿದ್ದೆ.

ಹಾಲ್‌ನಲ್ಲಿ ಹೀಗೆ ಅನ್ನೋದು ನಡೆಯುತ್ತೆ. ಪಕ್ಕದಲ್ಲೇ ನಿಂತಿರುತ್ತೇನೆ, ಬೆನ್ನಿನ ಮೇಲೆ ಎರಡು ಬೆರಳು ಇಟ್ಟರೆ ಸಾಕು, ಮೈ ತಾನೇ ಅರ್ಥ ಮಾಡಿಕೊಳ್ಳುತ್ತೆ. ಇಲ್ಲಿ ನನ್ನ ಕೈ ಅವರಿಗೆ ತಲುಪಲ್ಲ. ಅಷ್ಟೇ ಅಲ್ಲ, ಮುಂದೆ ಬಗ್ಗಿದವರಿಗೆ, ತಲೆ ತಿರುಗಿಸಿದವರಿಗೆ ಫೋನ್ ಕಾಣುವುದೇ ಇಲ್ಲ. ಮಲಗಿದವರಿಗೆ ಸೂರು ಕಾಣುತ್ತೆ. ಗಂಟೆಯಲ್ಲಿ ಮುಕ್ಕಾಲು ಭಾಗ ಅವರು ನನ್ನನ್ನು ಕೇಳಿಸಿಕೊಂಡೇ ಮಾಡುತ್ತಿದ್ದಾರೆ ಅಂತ ಆಗ ಹೊಳೆಯಿತು. ನೋಡಲಿ ಅಂತ ನಾನು ಪೈಪು ಕೊಯ್ಯುತ್ತಾ ಕೂತಿದ್ದೆ.

ಹೆಸರಾಂತ ಯೋಗ ಗುರು ಟಿ. ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಪಕ್ಕದ ಚಿತ್ರದುರ್ಗ ಸೀಮೆಯಲ್ಲೇ. ಅವರೂ ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರೂ ಆಸನ ಮಾಡುವ 1938ರ ಮೂಕ ಚಿತ್ರ ಈಗ ಫೋನಲ್ಲೇ ನೋಡಲು ಸಿಗುತ್ತೆ. ನಾನು ಎಷ್ಟೋ ಸಲ ನೋಡಿದ್ದೇನೆ, ಮೈ ಜುಮ್ ಅನ್ನುತ್ತೆ. ಆದರೆ ಅದನ್ನು ನೋಡಿ ಒಂದು ಆಸನವನ್ನೂ ಹೊಸಬರು ಕಲಿಯಲಾರರು. ತೂಕ ಯಾವ ಪಾದದ ಮೇಲಿದೆ, ಉಸಿರು ಯಾವಾಗ ಬಿಟ್ಟರು ಅನ್ನೋದು ಅದರಲ್ಲಿ ಇಲ್ಲ.

ಹಾಗಾಗಿ ಆಸನಗಳನ್ನು ಬರೆಯಲು ಕೂತೆ. ತ್ರಿಕೋನಾಸನ ಒಂದಕ್ಕೇ ನಾಲ್ಕು ಸಂಜೆ ಹಿಡಿಯಿತು. ಈಗ ಹೀಗೆ ಹೇಳುತ್ತೇನೆ:

"ಕಾಲು ಮೂರು ಅಡಿ ಅಗಲ ಮಾಡಿ. ಬಲ ಪಾದ ಪೂರ್ತಿ ಹೊರಗೆ ತಿರುಗಲಿ, ಎಡ ಪಾದ ಒಂದಿಷ್ಟು ಒಳಗೆ. ಬಲ ಹಿಮ್ಮಡಿಯಿಂದ ಗೆರೆ ಎಳೆದರೆ ಎಡ ಪಾದದ ನಡುವಿಗೆ ಬರಬೇಕು. ಎರಡೂ ಕೈ ಭುಜದ ಮಟ್ಟಕ್ಕೆ ಚಾಚಿ, ಅಂಗೈ ಕೆಳಗೆ. ಉಸಿರು ತಗೊಳ್ಳಿ. ಈಗ ಉಸಿರು ಬಿಡುತ್ತಾ, ಬಲಗಡೆ ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕಿದ ಹಾಗೆ ಪಕ್ಕಕ್ಕೆ ಚಾಚಿ. ಇನ್ನೂ ಚಾಚಿ. ಇನ್ನು ಆಗಲ್ಲ ಅಂದಾಗ ಕೈ ಕೆಳಗೆ ಇಳಿಸಿ, ಮೊಣಕಾಲಿನ ಕೆಳಗೆ ಎಲ್ಲಿ ಸಿಗುತ್ತೋ ಅಲ್ಲಿ. ಎಡ ಹಿಮ್ಮಡಿ ನೆಲಕ್ಕೆ ಒತ್ತಿ. ಎಡಗೈ ಸೂರಿನ ಕಡೆ."

ಅಟ್ಟದ ಡಬ್ಬಿ ಸಿಕ್ಕಿದ ದಿನ ನನಗೆ ತುಂಬಾ ಖುಷಿಯಾಯಿತು. ಸೊಂಟದಿಂದ ಪಕ್ಕಕ್ಕೆ ಉದ್ದವಾಗಿ ಅಂತ ನೂರು ಸಲ ಹೇಳಿದ್ದು ಯಾರಿಗೂ ಹತ್ತಿರಲಿಲ್ಲ, ಡಬ್ಬಿ ಅಂದ ತಕ್ಷಣ ಎಲ್ಲರ ಪಕ್ಕೆಲುಬೂ ಬಿಚ್ಚಿತು. ಅಂಗೈ ಹರಡಿ ಅನ್ನೋದಕ್ಕೆ ರೊಟ್ಟಿ ತಟ್ಟುವ ಕೈ ಅನ್ನುತ್ತೇನೆ. ಇದೆಲ್ಲ ಪುಸ್ತಕದಲ್ಲಿ ಸಿಗಲಿಲ್ಲ, ನಮ್ಮ ಹೆಂಗಸರ ಮೈಗೆ ಆಗಲೇ ಗೊತ್ತಿರುವ ಚಲನೆ.

ಬರೆದದ್ದನ್ನು ಪರೀಕ್ಷೆ ಮಾಡಲು ಒಂದು ಉಪಾಯ. ಮಗನಿಗೆ ಕೆಳಗಿನ ಕೋಣೆಯಲ್ಲಿ ಫೋನ್ ಬೋರಲು ಹಾಕಿ ಮಾಡು ಅಂತ ಹೇಳಿದೆ. ಅವನಿಗೆ ಯೋಗ ಗೊತ್ತಿಲ್ಲ. ನಾನು ಮೇಲಿಂದ ಹೇಳೋದು, ಅವನು ಮಾಡೋದು, ನಮ್ಮತ್ತೆ ನೋಡಿ ಹೇಳೋದು. ಎಲ್ಲಿ ಅವನು ತಡವರಿಸಿದನೋ ಅಲ್ಲಿ ನನ್ನ ಮಾತು ತಿದ್ದಿದೆ. ಯಾರೇ ಆನ್‌ಲೈನ್ ತರಗತಿ ಶುರು ಮಾಡಲಿ, ಕ್ಯಾಮೆರಾ ತಗೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿ ಅನ್ನೋದು ನನ್ನ ಕಳಕಳಿಯ ಮಾತು.

ಎಡ ಬಲದ ವಿಷಯ ಸಣ್ಣದು, ಆದರೆ ಹೇಳಲೇಬೇಕು. ಎದುರಿಗೆ ನಿಂತವರಿಗೆ ಬಲಗೈ ಅನ್ನುವಾಗ ನಾನು ಎಡಗೈ ಎತ್ತುತ್ತೇನೆ, ಕನ್ನಡಿ ನೋಡಿದ ಹಾಗೆ. ಮಾತು ಅವರದು, ಮೈ ನನ್ನದು. ರೂಢಿಯಾಗಲು ಹದಿನೈದು ದಿನ ಬೇಕಾಯಿತು.

ಇನ್ನು ಅವರ ಕಡೆಯ ಫೋನು. ಒಬ್ಬರು ಸಕ್ಕರೆ ಡಬ್ಬಿಗೆ ಒರಗಿಸಿ ನೆಲದ ಮೇಲೆ ಇಡುತ್ತಿದ್ದರು, ಬರೀ ಮೂಗು ಕಾಣುತ್ತಿತ್ತು. ಇನ್ನೊಬ್ಬರ ಹಿಂದೆ ಟ್ಯೂಬ್‌ಲೈಟು, ಮನುಷ್ಯರು ಕಪ್ಪು ನೆರಳು. ಈಗ ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನ ಹದಿನೈದು ನಿಮಿಷ ಬೇರೆಯಾಗಿ ವಿಡಿಯೋ ಕರೆ ಮಾಡುತ್ತೇನೆ. ಟೀಪಾಯಿ ಎಲ್ಲಿ, ಚಾಪೆ ಎಲ್ಲಿ, ದೀಪ ಮುಂದೆ ಬರಬೇಕು, ಗೋಡೆ ಕೈಗೆ ಸಿಗಬೇಕು. ಅದೇ ಕರೆಯಲ್ಲಿ ಆರೋಗ್ಯದ ವಿಚಾರವನ್ನೂ ಕೇಳುತ್ತೇನೆ. ಬಿಪಿ, ಬೆನ್ನು, ಹರ್ನಿಯಾ, ಆಪರೇಷನ್, ಬಸಿರು, ಕಣ್ಣಿನ ಒತ್ತಡ. ಬರೆದು ಕಳಿಸಿ ಅಂದರೆ ಏನೂ ಇಲ್ಲ ಅಂತ ಬರೆಯುತ್ತಾರೆ, ಮಾತಾಡುವಾಗ ಎಲ್ಲ ಹೇಳುತ್ತಾರೆ. ಒಬ್ಬರು ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾಗೆ ಹನಿ ಹಾಕಿಕೊಳ್ಳುತ್ತಿದ್ದದ್ದು ಹಾಗೇ ತಿಳಿಯಿತು. ಅವರಿಗೆ ತಲೆ ಕೆಳಗೆ ಹೋಗುವ ಯಾವ ಆಸನವೂ ಬೇಡ. ಅವತ್ತಿನಿಂದ ಸರ್ವಾಂಗಾಸನ, ಶೀರ್ಷಾಸನವನ್ನು ಆನ್‌ಲೈನ್‌ನಲ್ಲಿ ಯಾರಿಗೂ ಹೇಳಿಕೊಡುತ್ತಿಲ್ಲ. ಊರಲ್ಲಿರುವವರು ಭಾನುವಾರ ನಮ್ಮ ಮಹಡಿಗೆ ಬಂದು ಎದುರಿಗೇ ಕಲಿಯುತ್ತಾರೆ. ಬಿಪಿ ಜಾಸ್ತಿ ಇದ್ದವರಿಗೆ, ಬಸುರಿಯರಿಗೆ ರಭಸವಾಗಿ ಉಸಿರು ಹೊರಹಾಕುವ ಕಪಾಲಭಾತಿ ಇಲ್ಲ, ಅವರು ಅಷ್ಟು ಹೊತ್ತು ಮೂಗಿನ ಹೊಳ್ಳೆ ಬದಲಿಸುತ್ತಾ ನಿಧಾನವಾಗಿ ಉಸಿರಾಡುವ ನಾಡಿಶೋಧನ ಮಾಡುತ್ತಾರೆ.

ಕರೆಂಟ್. ಮಾರ್ಚ್ ಆದಮೇಲೆ ಬೆಳಗಿನ ಹೊತ್ತೂ ಹೋಗತೊಡಗಿತು. ಫೋನ್ ಚಾರ್ಜ್ ಇದ್ದರೂ ವೈಫೈ ಡಬ್ಬ ಆರಿದರೆ ಕಥೆ ಮುಗಿಯಿತು. ರೌಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಬರುತ್ತೆ, 1,100 ಕೊಟ್ಟು ತಂದೆ. ತರುವ ಮುಂಚೆ ನಿಮ್ಮ ರೌಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯಾ, ಎಷ್ಟು ಆಂಪ್ ಅಂತ ಓದಿಕೊಂಡು ಹೋಗಿ.

ಪ್ರಚಾರದ ವಿಷಯಕ್ಕೆ ಬರುತ್ತೇನೆ. ಇಲ್ಲೂ ಮೊದಲು ಕಣ್ಣಿಗೆ ಕಾಣುವುದರ ಹಿಂದೆಯೇ ಬಿದ್ದೆ. ಸೂರ್ಯ ಮುಳುಗುವ ಚಿತ್ರದ ಮುಂದೆ ಪದ್ಮಾಸನ ಹಾಕಿದ ನೆರಳು, ಮೇಲೆ ದಪ್ಪ ಅಕ್ಷರ. ಅಂಥ ಪೋಸ್ಟರ್ ಮಾಡಿಸಿ ಎಲ್ಲ ಕಡೆ ಕಳಿಸಿದೆ. ಇಬ್ಬರು ಫೋನ್ ಮಾಡಿದರು, ಯಾರೂ ಸೇರಲಿಲ್ಲ. 500 ರೂಪಾಯಿ ಕೊಟ್ಟು ಜಾಹೀರಾತು ಹಾಕಿದೆ, ಯಾವ್ಯಾವುದೋ ಊರಿನವರು ಲೈಕ್ ಒತ್ತಿದರು. ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ 140 ಜನರಿಗೆ ಕಳಿಸಿದೆ. ಒಂದು ಪಟ್ಟಿಗೆ 256 ಜನರವರೆಗೆ ಹಾಕಬಹುದು, ಸರಿ. ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತೆ. ಅರ್ಧಕ್ಕರ್ಧ ಜನಕ್ಕೆ ಹೋಗಿಯೇ ಇರಲಿಲ್ಲ. ಈಗ ಯಾರು ವಿಚಾರಿಸಿದರೂ "ಮೊದಲು ನನ್ನ ನಂಬರ್ ಯೋಗ ಅಕ್ಕ ಅಂತ ಸೇವ್ ಮಾಡ್ಕೊಳ್ರಿ" ಅನ್ನುತ್ತೇನೆ.

ಏಪ್ರಿಲ್‌ನಲ್ಲಿ ಒಂದು ದಿನ ಸುಮ್ನೆ 50 ಸೆಕೆಂಡಿನ ಒಂದು ವಾಯ್ಸ್ ಮೆಸೇಜ್ ಮಾಡಿದೆ. ಗ್ಯಾಸ್ ಕಟ್ಟೆ ಮುಂದೆ ನಿಂತುಕೊಂಡೇ ಕುತ್ತಿಗೆ ಹಗುರ ಮಾಡಿಕೊಳ್ಳೋದು ಹೇಗೆ ಅಂತ. "ಹಾಲು ಉಕ್ಕುವುದಕ್ಕೆ ಕಾಯ್ತಾ ಇದ್ದೀರಲ್ಲ, ಈಗಲೇ ಮಾಡಿ. ಎರಡೂ ಭುಜ ಕಿವಿ ಕಡೆ ಎತ್ತಿ, ಉಸಿರು ಬಿಡುತ್ತಾ ಧಪ್ ಅಂತ ಬಿಡಿ" ಅಂತ ಶುರುವಾಗುತ್ತೆ. ಕೊನೆಯಲ್ಲಿ ಒಂದೇ ಸಾಲು, ಬೆಳಿಗ್ಗೆ 5.45ಕ್ಕೆ ಕನ್ನಡದಲ್ಲಿ ತರಗತಿ ಇದೆ ಅಂತ. ನನ್ನ ಹನ್ನೆರಡು ಜನಕ್ಕೆ ಮಾತ್ರ ಕಳಿಸಿದೆ. ಅವರು ತಂಗಿಗೆ, ನಾದಿನಿಗೆ, ಓರಗಿತ್ತಿಗೆ ಕಳಿಸಿದರು. ವಾರದೊಳಗೆ ಪುಣೆಯಿಂದ, ಹರಿಹರದಿಂದ, ದುಬೈನಲ್ಲಿರುವ ನಮ್ಮೂರ ಹುಡುಗಿಯಿಂದ ಫೋನ್ ಬಂತು. ಪ್ರತಿಯೊಬ್ಬರೂ ಆಗಲೇ ಆ ವ್ಯಾಯಾಮ ಮಾಡಿ ನೋಡಿದ್ದರು. ಎಲ್ಲರೂ ಕೇಳಿದ್ದು ಒಂದೇ: "ಪೂರ್ತಿ ಕನ್ನಡದಲ್ಲೇ ಹೇಳ್ತೀರಾ ಅಕ್ಕಾ?" ಆವತ್ತಿನಿಂದ ಪ್ರತಿ ಮಂಗಳವಾರ ಇಂಥದೊಂದು ಕಳಿಸುತ್ತೇನೆ. ಬೇರೆ ಜಾಹೀರಾತು ನಿಲ್ಲಿಸಿದ್ದೇನೆ.

ಜನ ಜಾಸ್ತಿಯಾದಾಗ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ ಅಂತ ಇಬ್ಬರು ಬೇಜಾರು ಮಾಡಿಕೊಂಡರು. ಅವರು ಹೇಳಿದ್ದು ಸರಿ. ಕಮ್ಯುನಿಟಿ ಮಾಡಿ ಅದರ ಪ್ರಕಟಣೆ ಗುಂಪಿಗೆ ಎಲ್ಲರನ್ನೂ ಸೇರಿಸಿದೆ, ಅಲ್ಲಿ ಸದಸ್ಯರ ನಂಬರ್ ಒಬ್ಬರಿಗೊಬ್ಬರು ಕಾಣಲ್ಲ. ಫೀಸು ತಿಂಗಳಿಗೆ 600, ಐದನೇ ತಾರೀಕಿನೊಳಗೆ ಯುಪಿಐ.

ಜೂನ್ 21ಕ್ಕೆ, 2015ರಿಂದ ಎಲ್ಲ ಕಡೆ ಆಚರಿಸುವ ಯೋಗ ದಿನದಂದು, ಕುಂದವಾಡ ಕೆರೆ ಏರಿಯ ಹತ್ತಿರ ವಾಕಿಂಗ್ ಬರುವವರಿಗೆ ಅರ್ಧ ಗಂಟೆ ಹೇಳಿಕೊಟ್ಟೆವು. ನಿಂತು ಮಾಡುವ ಆಸನ ಮಾತ್ರ. ಮೈಕ್ ಅದೇ, ಭುಜದ ಮೇಲಿನದು, ಬಾಡಿಗೆ ಸ್ಪೀಕರ್‌ಗೆ ಸಿಕ್ಕಿಸಿದ್ದು. ಮುಗಿದ ಮೇಲೆ ಒಬ್ಬ ಹಿರಿಯರು ಬಂದು, ಚಿಕ್ಕವರಿದ್ದಾಗ ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿಯವರ ಶಿಬಿರದಲ್ಲಿ ಸೂರ್ಯನಮಸ್ಕಾರ ಕಲಿತದ್ದನ್ನು ಹೇಳಿದರು. "ಅವರ ಎಣಿಕೆ ಇನ್ನೂ ಕಿವಿಯಾಗೆ ಐತೆ ತಾಯಿ. ಅದರ ಮೇಲೇ ಈಗಲೂ ಮಾಡ್ತೀನಿ" ಅಂದರು. ಮರುದಿನದಿಂದ ಅವರೂ ಸೇರಿದ್ದಾರೆ. ಈಗ ಎರಡು ತಂಡ, 31 ಜನ.

ಕೊನೆಯದಾಗಿ ಸೇರಿದವರು ಜಗಳೂರು ಕಡೆಯ ಹಳ್ಳಿಯ ಒಬ್ಬ ಅಜ್ಜಿ, 67 ವರ್ಷ. ಬೆಂಗಳೂರಿನ ಸೊಸೆ ಸೇರಿಸಿದ್ದಾಳೆ. ಅಲ್ಲಿ ನೆಟ್ ಸಾಲುವುದಿಲ್ಲ, ವಿಡಿಯೋ ತೆರೆದರೆ ಸುತ್ತುತ್ತಲೇ ಇರುತ್ತೆ. ಎರಡು ದಿನ ಒದ್ದಾಡಿ, ವಿಡಿಯೋ ಬಂದ್ ಮಾಡಿ ಬರೀ ಕೇಳಿಸಿಕೊಳ್ಳಿ ಅಂದೆ. ಬರೀ ದನಿ ಚೆನ್ನಾಗಿ ಹೋಗುತ್ತೆ. ನನಗೆ ಅವರು ಕಾಣಲ್ಲ ಅನ್ನೋದೇ ಚಿಂತೆ. ಅದಕ್ಕೆ ಅವರಿಗೆ ಗೋಡೆ ಹಿಡಿದು ಮಾಡುವ ಆಸನ ಮಾತ್ರ ಹೇಳುತ್ತೇನೆ, ತರಗತಿ ಮುಗಿದ ಮೇಲೆ ಪಕ್ಕದ ಮನೆ ಹುಡುಗ ಒಂದು ಫೋಟೋ ತೆಗೆದು ಕಳಿಸುತ್ತಾನೆ.

ಇವತ್ತು ಬೆಳಿಗ್ಗೆ ಬಂದ ಫೋಟೋ ತ್ರಿಕೋನಾಸನದ್ದು. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು, ಸೀರೆ ಕಚ್ಚೆ ಹಾಕಿ ನಿಂತಿದ್ದಾರೆ. ಬಲಗೈ ಮೊಣಕಾಲಿನ ಕೆಳಗೆ, ಎಡಗೈ ಸೂರಿನ ಕಡೆ ನೇರ. ಪಕ್ಕೆ ಉದ್ದವಾಗಿ ಬಿಚ್ಚಿದೆ. ಈ ಆಸನವನ್ನು ಅವರು ಒಮ್ಮೆಯೂ ಕಣ್ಣಲ್ಲಿ ನೋಡಿಲ್ಲ. ಹುಡುಗನಿಗೆ ವಾಯ್ಸ್ ಮೆಸೇಜ್ ಕಳಿಸಿದೆ: "ತುಂಬಾ ಚೆನ್ನಾಗಿ ಬಂದಿದೆ ಅಂತ ಅಜ್ಜಿಗೆ ಹೇಳಪ್ಪಾ. ನಾಳೆ ಎಡ ಹಿಮ್ಮಡಿ ಇನ್ನೊಂಚೂರು ಒತ್ತಲಿ."